ಬ್ಯಾಟರಿ ಹೊಸದು, ಗಾಡಿ ಮಾತ್ರ ನಿಂತಿದೆ: ಹಳೇ ಸ್ಪೋರ್ಟ್ ಟೂರಿಂಗ್ ಬೈಕಿನ ಚಾರ್ಜಿಂಗ್ ದೋಷ ಹುಡುಕುವುದು

ಮೊದಲು ಎಂಜಿನ್ ವೇಗ ತೋರಿಸುವ ಟ್ಯಾಕೋಮೀಟರ್ ಮುಳ್ಳು ಸೊನ್ನೆಗೆ ಬಿತ್ತು. ಎಂಜಿನ್ ಮಾತ್ರ ಏನೂ ಆಗದ ಹಾಗೆ ಓಡುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಇಂಡಿಕೇಟರ್ ಹಾಕಿದೆ. ಒಮ್ಮೆ ಹತ್ತಿ, ಆರಲೋ ಬೇಡವೋ ಎಂದು ಯೋಚಿಸಿ ಆಮೇಲೆ ಆರಿತು. ಹೆಡ್‌ಲೈಟ್ ಬಿಳಿಯಿಂದ ಹಳದಿಗೆ, ಹಳದಿಯಿಂದ ಸೀಮೆಎಣ್ಣೆ ದೀಪದ ಬಣ್ಣಕ್ಕೆ ಇಳಿಯಿತು. ಕೊನೆಗೆ ಎಂಜಿನ್ ಎರಡು ಸಲ ಮುಗ್ಗರಿಸಿ ನಿಂತಿತು. ಸೆಲ್ಫ್ ಒತ್ತಿದರೆ ಟಕ್ ಟಕ್ ಸದ್ದು, ಅಷ್ಟೇ. ಕತ್ತಲಾಗಿತ್ತು, ಮನೆ ಇನ್ನೂ 150 ಕಿಲೋಮೀಟರ್ ದೂರ. ಬ್ಯಾಟರಿ ಹಾಕಿಸಿ ಬರೀ ಎರಡು ತಿಂಗಳಾಗಿತ್ತು.

ಅದು ಎರಡನೇ ಬ್ಯಾಟರಿ. ಮೊದಲನೆಯದು ಸತ್ತಾಗಲೂ ಇದೇ ಕಥೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ನಾನು ಮಾಡಿದ್ದೂ ಅದನ್ನೇ. ಮೂರನೇ ಬ್ಯಾಟರಿ ಕೊಳ್ಳುವ ಮೊದಲು ವೋಲ್ಟ್, ಆಂಪಿಯರ್, ಓಮ್ ಅಳೆಯುವ ಒಂದು ಮಲ್ಟಿಮೀಟರ್ ಕೊಂಡೆ. ತಪ್ಪು ಸಿಕ್ಕಿದ್ದು ಬ್ಯಾಟರಿಯಲ್ಲೂ ಅಲ್ಲ, ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್‌ನಲ್ಲೂ ಅಲ್ಲ. ಹೆಬ್ಬೆರಳಿನಷ್ಟು ದೊಡ್ಡದಾದ ಎರಡು ಪ್ಲಾಸ್ಟಿಕ್ ಕನೆಕ್ಟರ್‌ಗಳಲ್ಲಿ. ಅಲ್ಲಿಗೆ ಹೇಗೆ ತಲುಪಿದೆ ಎನ್ನುವುದನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಗಾಡಿಯಲ್ಲಿ ತಪ್ಪು ಬೇರೆ ಕಡೆ ಇರಬಹುದು. ಹುಡುಕುವ ದಾರಿ ಮಾತ್ರ ಇದೇ.

ಯಾವ ಗಾಡಿಗಳಿಗೆ ಇದು ಅನ್ವಯ

600ರಿಂದ 800 ಸಿಸಿ ಒಳಗಿನ, ಫೇರಿಂಗ್ (ಹೊರಗಿನ ಪ್ಲಾಸ್ಟಿಕ್ ಕವಚ) ಇರುವ, ಇಬ್ಬರು ಕೂತು ಬ್ಯಾಗ್ ಕಟ್ಟಿಕೊಂಡು ದಿನವಿಡೀ ಓಡಿಸಬಹುದಾದ ಬೈಕ್‌ಗಳು. 1986ರಲ್ಲಿ ಬಂದ ಹೋಂಡಾ ವಿಎಫ್‌ಆರ್ 750, 1990ರ ಕವಾಸಾಕಿ ಝಡ್‌ಝಡ್‌ಆರ್ 600, ಹಿಂದಿನ ಚಕ್ರಕ್ಕೆ ಚೈನ್ ಬದಲು ಶಾಫ್ಟ್ ಡ್ರೈವ್ ಇರುವ ಹೋಂಡಾ ಡೋವಿಲ್, ಇಂಥ ಜಾತಿಯವು. ಈ ಕಾಲದ ಎಂಜಿನ್‌ಗಳು ಗಟ್ಟಿ. ಎಣ್ಣೆ, ಕೂಲಂಟ್ ಹೊತ್ತಿಗೆ ಬದಲಿಸಿ, ವಾಲ್ವ್ ಕ್ಲಿಯರೆನ್ಸ್ ನೋಡಿಕೊಂಡರೆ ಲಕ್ಷ ಕಿಲೋಮೀಟರ್ ದೊಡ್ಡ ಮಾತಲ್ಲ. ವಿಎಫ್‌ಆರ್‌ನ ವಿ4 ಎಂಜಿನ್‌ನಲ್ಲಿ ವಾಲ್ವ್ ತೆರೆಯುವ ಕ್ಯಾಮ್ ತಿರುಗಿಸಲು ಚೈನ್ ಬದಲು ಗೇರ್‌ಗಳೇ ಇದ್ದವು. ಅದರಿಂದ ಬರುವ ಸಣ್ಣ ಶಿಳ್ಳೆಯಂಥ ಸದ್ದಿಗೆ ಮರುಳಾದವರು ಇವತ್ತಿಗೂ ಆ ಗಾಡಿ ಬಿಡುವುದಿಲ್ಲ. 2002ರ ಮಾದರಿಯಲ್ಲಿ ಗೇರ್ ಹೋಗಿ ಚೈನ್ ಬಂತು. ಆ ಬೇಸರವೂ ಹಾಗೇ ಉಳಿದಿದೆ.

ಎಂಜಿನ್ ಎಷ್ಟೇ ಗಟ್ಟಿಯಿದ್ದರೂ 25-30 ವರ್ಷದಲ್ಲಿ ವೈರಿಂಗ್ ಮುಪ್ಪಾಗುತ್ತದೆ. ತಾಮ್ರ ಕಪ್ಪಾಗುತ್ತದೆ, ಪಿನ್‌ಗಳ ಹಿಡಿತ ಸಡಿಲವಾಗುತ್ತದೆ. ಹಳೇ ಗಾಡಿ ದಾರಿಯಲ್ಲಿ ಕೈಕೊಟ್ಟರೆ ಎಂಜಿನ್‌ಗಿಂತ ಮೊದಲು ವಿದ್ಯುತ್ ಕಡೆಗೇ ನನ್ನ ಅನುಮಾನ.

ಕರೆಂಟ್ ಎಲ್ಲಿಂದ ಬರುತ್ತದೆ, ಎಲ್ಲಿ ಕಳೆದುಹೋಗುತ್ತದೆ

ಇದನ್ನು ಅರ್ಥ ಮಾಡಿಕೊಳ್ಳದೆ ಮೀಟರ್ ಹಿಡಿದರೆ ಅಂಕಿಗಳು ಸಿಗುತ್ತವೆ, ಉತ್ತರ ಸಿಗುವುದಿಲ್ಲ.

ಕ್ರ್ಯಾಂಕ್‌ಶಾಫ್ಟ್ ತುದಿಯಲ್ಲಿ ಅಯಸ್ಕಾಂತಗಳಿರುವ ರೋಟರ್ ಇದೆ. ಅದರೊಳಗೆ ತಾಮ್ರದ ಸುರುಳಿಗಳ ಸ್ಟೇಟರ್ ಇದೆ. ಇವೆರಡೂ ಸೇರಿದ್ದೇ ಆಲ್ಟರ್ನೇಟರ್. ರೋಟರ್ ತಿರುಗಿದರೆ ಸ್ಟೇಟರ್‌ನಲ್ಲಿ ಮೂರು ಫೇಸ್ ಎಸಿ ಹುಟ್ಟುತ್ತದೆ. ಅದು ಮೂರು ವೈರ್‌ಗಳಲ್ಲಿ ಹೊರಗೆ ಬರುತ್ತದೆ. ಬಹಳಷ್ಟು ಜಪಾನಿ ಗಾಡಿಗಳಲ್ಲಿ ಮೂರೂ ಹಳದಿ. ಅಲ್ಲಿಂದ ರೆಗ್ಯುಲೇಟರ್-ರೆಕ್ಟಿಫೈಯರ್ ಎನ್ನುವ ಅಲ್ಯೂಮಿನಿಯಂ ಡಬ್ಬಿಗೆ. ಅದು ಎಸಿಯನ್ನು ಡಿಸಿ ಮಾಡುತ್ತದೆ, 14 ವೋಲ್ಟ್ ಆಸುಪಾಸಿನಲ್ಲಿ ತಡೆದು ಹಿಡಿಯುತ್ತದೆ. ಆಮೇಲೆ ಮೇನ್ ಫ್ಯೂಸ್ ದಾಟಿ ಬ್ಯಾಟರಿಗೆ.

ಈ ಗಾಡಿಗಳ ಅಯಸ್ಕಾಂತಕ್ಕೆ ಸ್ವಿಚ್ ಇಲ್ಲ. ಎಂಜಿನ್ ಎಷ್ಟು ಜೋರಾಗಿ ತಿರುಗಿದರೆ ಅಷ್ಟು ಕರೆಂಟ್ ಹುಟ್ಟುತ್ತಲೇ ಇರುತ್ತದೆ, ನಿಮಗೆ ಬೇಕೋ ಬೇಡವೋ ಕೇಳುವುದಿಲ್ಲ. ಆ ಕಾಲದ ರೆಗ್ಯುಲೇಟರ್‌ಗಳು ಹೆಚ್ಚಾಗಿ ಷಂಟ್ ಬಗೆಯವು. ಜಾಸ್ತಿಯಾದ ಕರೆಂಟನ್ನು ಸ್ಟೇಟರ್‌ಗೇ ಶಾರ್ಟ್ ಮಾಡಿ ತಿರುಗಿಸಿಬಿಡುತ್ತವೆ. ಆ ಕರೆಂಟ್ ಸುತ್ತು ಹೊಡೆಯುತ್ತಾ ಸ್ಟೇಟರ್‌ನಲ್ಲೂ ರೆಗ್ಯುಲೇಟರ್‌ನಲ್ಲೂ ಶಾಖವಾಗಿ ಹೋಗುತ್ತದೆ. ಎಲ್‌ಇಡಿ ದೀಪ ಹಾಕಿ ಬಳಕೆ ಕಡಿಮೆ ಮಾಡಿದರೆ ರೆಗ್ಯುಲೇಟರ್‌ಗೆ ಆರಾಮ ಸಿಗುತ್ತದೆ ಎಂದು ಅನ್ನಿಸುತ್ತದೆ, ಅಲ್ವಾ? ಷಂಟ್ ಬಗೆಯಲ್ಲಿ ಇದು ಉಲ್ಟಾ. ಬಳಸದ ಕರೆಂಟೆಲ್ಲ ಅದರ ತಲೆಗೇ ಬೀಳುತ್ತದೆ.

ಮೇಲಿಂದ ಫೇರಿಂಗ್ ಬೇರೆ. ಫೇರಿಂಗ್ ಇಲ್ಲದ ನೇಕೆಡ್ ಬೈಕ್‌ನಲ್ಲಿ ಆ ಡಬ್ಬಿಗೆ ಗಾಳಿಯಾದರೂ ಬಡಿಯುತ್ತದೆ. ನಮ್ಮ ಜಾತಿಯ ಬೈಕ್‌ಗಳಲ್ಲಿ ಅದನ್ನು ಸೀಟಿನ ಕೆಳಗೋ ಬಾಲದ ಪ್ಲಾಸ್ಟಿಕ್ ಒಳಗೋ ಕೂರಿಸಿರುತ್ತಾರೆ. ಬೇಸಿಗೆ ಮಧ್ಯಾಹ್ನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಅದು ಮುಚ್ಚಿದ ಪಾತ್ರೆಯಲ್ಲಿ ಬೆಂದ ಹಾಗೆ.

ಮೀಟರ್ ಹಿಡಿಯುವ ಮುಂಚೆ

ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕೀಳಬೇಡಿ. ಚಾರ್ಜ್ ಆಗುತ್ತಿದೆಯೋ ನೋಡಲು ಕೆಲವರು ಹೀಗೆ ಮಾಡುತ್ತಾರೆ. ವೋಲ್ಟೇಜ್ ಒಮ್ಮೆಲೇ ಏರಿ ಇಗ್ನಿಷನ್ ಯೂನಿಟ್ ಸುಟ್ಟರೆ ಆ ಹಳೇ ಪಾರ್ಟ್ ಸಿಗುವುದು ಕಷ್ಟ. ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಬೇಡಿ. ಹಳದಿ ವೈರ್‌ಗಳಲ್ಲಿ 60-70 ವೋಲ್ಟ್ ಎಸಿ ಬರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ.

ಫೇರಿಂಗ್ ಬಿಚ್ಚುವಾಗ ಆತುರ ಬೇಡ. ಹಳೇ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ. ರಬ್ಬರ್ ಗ್ರೊಮೆಟ್‌ಗೆ ಸೋಪಿನ ನೀರು ಹಚ್ಚಿ ನಿಧಾನವಾಗಿ ಎಳೆಯಿರಿ. ನಾನು ಥರ್ಮಾಕೋಲ್ ಹಾಳೆಯ ಮೇಲೆ ಫೇರಿಂಗ್ ಆಕಾರ ಬರೆದು, ಯಾವ ಬೋಲ್ಟ್ ಎಲ್ಲಿಯದೋ ಅಲ್ಲೇ ಚುಚ್ಚಿಡುತ್ತೇನೆ. ಒಂದೇ ಥರ ಕಾಣುವ ಬೋಲ್ಟ್‌ಗಳ ಉದ್ದ ಬೇರೆ ಬೇರೆ ಇರುತ್ತದೆ. ಉದ್ದನೆಯದನ್ನು ತಪ್ಪು ಜಾಗಕ್ಕೆ ತಿರುಗಿಸಿ ರೇಡಿಯೇಟರ್‌ಗೆ ಒತ್ತಿದವರಿದ್ದಾರೆ.

ಮೊದಲ ಪರೀಕ್ಷೆ: ಬ್ಯಾಟರಿ

ಬ್ಯಾಟರಿಯನ್ನು ಹೊರಗಿನ ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ನೆ ಬಿಡಿ. ಆಮೇಲೆ ಅಳೆಯಿರಿ. ಲೆಡ್ ಆಸಿಡ್ ಬ್ಯಾಟರಿ 12.6ರಿಂದ 12.8 ವೋಲ್ಟ್ ತೋರಿಸಬೇಕು. 12.4 ಎಂದರೆ ಮುಕ್ಕಾಲು ಪಾಲು. 12 ಎಂದರೆ ಬಹುಪಾಲು ಖಾಲಿ. ಸೆಲ್ಫ್ ಒತ್ತಿದಾಗ 9.6ಕ್ಕಿಂತ ಕೆಳಗೆ ಬೀಳಬಾರದು. ರಾತ್ರಿಯಿಡೀ ಇಟ್ಟರೆ ತಾನಾಗಿಯೇ ಇಳಿಯುವ ಬ್ಯಾಟರಿಯಿಂದ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ಬೇರೆ ಒಳ್ಳೇ ಬ್ಯಾಟರಿ ಸಾಲ ತಂದು ಮುಂದುವರಿಯಿರಿ. ಲಿಥಿಯಂ ಬ್ಯಾಟರಿ ಹಾಕಿದ್ದರೆ ಈ ಅಂಕಿಗಳು ಹೊಂದುವುದಿಲ್ಲ. ಅದು ಸುಮ್ಮನಿದ್ದಾಗಲೇ 13.2 ದಾಟಿರುತ್ತದೆ.

ಎರಡನೆಯದು: ಎಂಜಿನ್ ಓಡಿಸಿ ಬ್ಯಾಟರಿ ಮೇಲೆ ಅಳತೆ

ಎಂಜಿನ್ ಬಿಸಿಯಾಗಲಿ. ಹೆಡ್‌ಲೈಟ್ ಹೈ ಬೀಮ್‌ನಲ್ಲಿರಲಿ. ಮೀಟರ್ ಡಿಸಿ 20 ವೋಲ್ಟ್‌ಗೆ ಇಟ್ಟು ಬ್ಯಾಟರಿ ಎರಡೂ ತುದಿಗೆ ಹಿಡಿಯಿರಿ. ಐಡ್ಲ್‌ನಲ್ಲಿ (ಆಕ್ಸಿಲರೇಟರ್ ಬಿಟ್ಟಾಗ) 13ರ ಆಸುಪಾಸು ಇದ್ದರೆ ಸಾಕು. ರೇಡಿಯೇಟರ್ ಫ್ಯಾನ್ ಓಡುವಾಗ ಅದಕ್ಕಿಂತ ಸ್ವಲ್ಪ ಇಳಿದರೂ ಹೆದರಬೇಡಿ. 5000 ಆರ್‌ಪಿಎಂಗೆ ಏರಿಸಿ. ಈಗ 14ರಿಂದ 14.8ರ ಒಳಗೆ ನಿಲ್ಲಬೇಕು.

ನನ್ನದು ತಣ್ಣಗಿದ್ದಾಗ 12.9 ತೋರಿಸಿತು. ಹತ್ತು ನಿಮಿಷ ಓಡಿದ ಮೇಲೆ 12.5. ಬಿಸಿಯಾದಂತೆ ಇಳಿಯುವ ಅಂಕಿ ಬಹಳ ಮುಖ್ಯವಾದ ಸುಳಿವು. ತಣ್ಣನೆಯ ಗಾಡಿಯನ್ನು ಸ್ಟಾರ್ಟ್ ಮಾಡಿ, ಅರ್ಧ ನಿಮಿಷ ಅಳೆದು ‘ಚಾರ್ಜಿಂಗ್ ಸರಿಯಾಗಿದೆ’ ಎಂದು ಕಳಿಸುವುದರಿಂದಲೇ ಎಷ್ಟೋ ಗಾಡಿಗಳು ಮತ್ತೆ ದಾರಿಯಲ್ಲಿ ನಿಲ್ಲುತ್ತವೆ.

15 ವೋಲ್ಟ್ ದಾಟಿದರೆ ಕಥೆ ಬೇರೆ. ರೆಗ್ಯುಲೇಟರ್ ತಡೆಯುತ್ತಿಲ್ಲ. ಬ್ಯಾಟರಿ ಕುದಿಯುತ್ತದೆ, ಬಲ್ಬ್‌ಗಳು ಒಂದರ ಹಿಂದೆ ಒಂದು ಹೋಗುತ್ತವೆ. ಆದರೆ ಡಬ್ಬಿ ಬದಲಿಸುವ ಮುಂಚೆ ಒಂದು ವೈರ್ ನೋಡಿ. ಕೆಲವು ಗಾಡಿಗಳಲ್ಲಿ ರೆಗ್ಯುಲೇಟರ್‌ಗೆ ವೋಲ್ಟೇಜ್ ತಿಳಿಸಲು ಬೇರೆ ಸೆನ್ಸ್ ವೈರ್ ಇರುತ್ತದೆ, ಅದು ಇಗ್ನಿಷನ್ ಸ್ವಿಚ್ ಮೂಲಕ ಬರುತ್ತದೆ. ಸ್ವಿಚ್ ಒಳಗೆ ಕಿಲುಬು ಹಿಡಿದಿದ್ದರೆ ಆ ವೈರ್‌ನಲ್ಲಿ ಒಂದು ವೋಲ್ಟ್ ಕಳೆದುಹೋಗುತ್ತದೆ. ರೆಗ್ಯುಲೇಟರ್ ಪಾಪ, ವೋಲ್ಟೇಜ್ ಕಡಿಮೆಯಿದೆ ಎಂದು ನಂಬಿ ಒಂದು ವೋಲ್ಟ್ ಜಾಸ್ತಿ ತುಂಬುತ್ತದೆ.

14ರ ಮೇಲೆ ಸರಿಯಾಗಿ ನಿಂತಿದ್ದೂ ಬ್ಯಾಟರಿ ಸಾಯುತ್ತಿದ್ದರೆ, ಗಾಡಿ ನಿಂತಾಗ ಯಾರೋ ಕರೆಂಟ್ ಕುಡಿಯುತ್ತಿದ್ದಾರೆ. ಕೀ ತೆಗೆದು, ನೆಗೆಟಿವ್ ವೈರ್ ಬಿಚ್ಚಿ, ಮಧ್ಯೆ ಮೀಟರನ್ನು ಆಂಪಿಯರ್‌ನಲ್ಲಿ ಕೂರಿಸಿ. ಗಡಿಯಾರಕ್ಕೆ ಕೆಲವು ಮಿಲಿಆಂಪಿಯರ್ ಸರಿ. 50 ಎಂದರೆ 10 ಆಂಪಿಯರ್-ಅವರ್ ಬ್ಯಾಟರಿ 200 ಗಂಟೆಯಲ್ಲಿ, ಅಂದರೆ ಎಂಟು ದಿನದಲ್ಲಿ ಖಾಲಿ. ಹೊರಗಿಂದ ಹಾಕಿಸಿದ ಅಲಾರಂ, ಫೋನ್ ಚಾರ್ಜರ್ ಇವನ್ನು ಮೊದಲು ಕೀಳಿ. ಮೀಟರ್ ಹೀಗಿರುವಾಗ ಮರೆತು ಸೆಲ್ಫ್ ಒತ್ತಬೇಡಿ, ಮೀಟರ್ ಉಳಿಯುವುದಿಲ್ಲ.

ಮೂರನೆಯದು: ಸ್ಟೇಟರ್

ವೋಲ್ಟೇಜ್ ಕಡಿಮೆ ಬಂದವರು ಇಲ್ಲಿಗೆ ಬನ್ನಿ. ಸ್ಟೇಟರ್‌ನಿಂದ ರೆಗ್ಯುಲೇಟರ್‌ಗೆ ಹೋಗುವ ಮೂರು ಹಳದಿ ವೈರ್‌ಗಳ ಕನೆಕ್ಟರ್ ಹುಡುಕಿ. ಬಿಚ್ಚುವಾಗಲೇ ಕಣ್ಣು ತೆರೆದಿರಲಿ. ನನ್ನದು ಸಲೀಸಾಗಿ ಬರಲಿಲ್ಲ. ಬಿಳಿ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಚಹಾ ಬಣ್ಣಕ್ಕೆ ತಿರುಗಿ ಪಿನ್‌ಗೆ ಅಂಟಿಕೊಂಡಿತ್ತು.

ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಆದರೂ ಪರೀಕ್ಷೆ ನಿಲ್ಲಿಸಬಾರದು. ಕನೆಕ್ಟರ್ ಸುಟ್ಟಿದ್ದಕ್ಕೆ ಸ್ಟೇಟರ್ ಕಾರಣವೋ, ಕನೆಕ್ಟರ್‌ನಿಂದ ಸ್ಟೇಟರ್ ಹಾಳಾಗಿದೆಯೋ ಗೊತ್ತಾಗಬೇಕು.

ಎಂಜಿನ್ ಆಫ್. ಮೀಟರ್ ಓಮ್‌ನಲ್ಲಿ. ಒಂದೊಂದೇ ಹಳದಿ ವೈರ್‌ನಿಂದ ಎಂಜಿನ್ ಲೋಹಕ್ಕೆ ಅಳೆಯಿರಿ. ಏನೂ ಹರಿಯಬಾರದು. ಹರಿದರೆ ಸುರುಳಿಯ ಇನ್ಸುಲೇಷನ್ ಸುಟ್ಟು, ಎಂಜಿನ್ ಲೋಹಕ್ಕೆ ತಾಗಿ ಅರ್ತ್ ಆಗಿದೆ, ಸ್ಟೇಟರ್ ಬದಲಿಸಲೇಬೇಕು. ಹಳದಿಯಿಂದ ಹಳದಿಗೆ ಅಳೆದರೆ ಒಂದು ಓಮ್‌ಗಿಂತ ಕಡಿಮೆ ಬರುತ್ತದೆ. ಆ ಅಂಕಿಯನ್ನು ಜಾಸ್ತಿ ನಂಬಬೇಡಿ. ಮಾಮೂಲಿ ಮೀಟರ್‌ನ ಪ್ರೋಬ್ ವೈರ್‌ಗಳೇ 0.3 ಓಮ್ ತೋರಿಸುತ್ತವೆ. ಪೂರ್ತಿ ತುಂಡಾಗಿದೆಯೋ ಇಲ್ಲವೋ ನೋಡಲು ಮಾತ್ರ ಅದು ಸಾಕು.

ಈಗ ಕನೆಕ್ಟರ್ ಬಿಚ್ಚಿಯೇ ಇಟ್ಟು ಎಂಜಿನ್ ಸ್ಟಾರ್ಟ್ ಮಾಡಿ. ಮೀಟರ್ ಎಸಿಯಲ್ಲಿ. ಎರಡೆರಡು ಹಳದಿಗಳ ಮಧ್ಯೆ ಮೂರು ಅಳತೆ, ಮೂರೂ ಒಂದೇ ಆರ್‌ಪಿಎಂನಲ್ಲಿ. 5000ದಲ್ಲಿ ಸಾಮಾನ್ಯವಾಗಿ 50ರಿಂದ 70 ವೋಲ್ಟ್ ಬರುತ್ತದೆ, ನಿಖರ ಅಂಕಿ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಎಷ್ಟು ಬಂತು ಎನ್ನುವುದಕ್ಕಿಂತ ಮೂರೂ ಸಮವಾಗಿವೆಯೇ ಎನ್ನುವುದು ದೊಡ್ಡ ಪ್ರಶ್ನೆ. ನನ್ನದು 62, 61, 62. ಸ್ಟೇಟರ್ ನಿರಪರಾಧಿ. ಒಂದು ಜೋಡಿ 60, ಉಳಿದೆರಡು 35 ಎಂದು ಬಂದಿದ್ದರೆ ಒಂದು ಫೇಸ್ ಹೋಗಿದೆ ಎಂದರ್ಥ.

ಈ ಎರಡೂ ಪರೀಕ್ಷೆಯನ್ನು ಅರ್ಧ ಗಂಟೆ ಓಡಿಸಿ ಬಂದ ಮೇಲೆ ಮತ್ತೊಮ್ಮೆ ಮಾಡಿ. ತಣ್ಣಗಿದ್ದಾಗ ಪಾಸಾಗಿ, ಬಿಸಿಯಾದಾಗ ಅರ್ತ್ ಆಗುವ ಸ್ಟೇಟರ್‌ಗಳಿವೆ.

ಸ್ಟೇಟರ್ ಹೋಗಿದೆ ಎಂದಾದರೆ ಕವರ್ ಬಿಚ್ಚಬೇಕು. ಅಯಸ್ಕಾಂತ ಕವರನ್ನು ಜೋರಾಗಿ ಹಿಂದಕ್ಕೆ ಎಳೆಯುತ್ತದೆ, ಬೆರಳು ಮಧ್ಯೆ ಇಡಬೇಡಿ. ಹೊಸ ಗ್ಯಾಸ್ಕೆಟ್ ಮೊದಲೇ ತಂದಿಡಿ. ರೋಟರ್ ಒಳಗಿನ ಅಯಸ್ಕಾಂತಗಳು ಅಲುಗಾಡುತ್ತಿಲ್ಲವೇ ನೋಡಿ. ಹೊಸ ಸ್ಟೇಟರ್ ಹಾಕಿ ಹಳೇ ರೆಗ್ಯುಲೇಟರನ್ನು ಪರೀಕ್ಷಿಸದೆ ಬಿಡಬೇಡಿ, ಒಂದು ಹೋದರೆ ಇನ್ನೊಂದನ್ನೂ ಜೊತೆಗೆ ಕರೆದೊಯ್ಯುವ ಜೋಡಿ ಅದು.

ನಾಲ್ಕನೆಯದು: ರೆಗ್ಯುಲೇಟರ್

ಡಬ್ಬಿಯ ಎಲ್ಲ ಕನೆಕ್ಟರ್ ಬಿಚ್ಚಿ. ಮೀಟರ್ ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಭಾಗ) ಗುರುತಿಗೆ. ಕೆಂಪು ಪ್ರೋಬ್ ಹಳದಿ ಪಿನ್‌ಗೆ, ಕಪ್ಪು ಪ್ರೋಬ್ ಪಾಸಿಟಿವ್ ಔಟ್‌ಪುಟ್‌ಗೆ. ಮೂರು ಹಳದಿಗೂ 0.5ರ ಆಸುಪಾಸು ಬರಬೇಕು. ತಿರುಗಿಸಿ ಹಿಡಿದರೆ ಏನೂ ಬರಬಾರದು. ಹಾಗೆಯೇ ಕೆಂಪು ಪ್ರೋಬ್ ಅರ್ತ್ ಪಿನ್‌ಗೆ, ಕಪ್ಪು ಹಳದಿಗೆ. ಇಲ್ಲೂ 0.5, ತಿರುಗಿಸಿದರೆ ಏನಿಲ್ಲ. ಎರಡೂ ಕಡೆ ಸೊನ್ನೆ ಬಂದರೆ ಡಯೋಡ್ ಶಾರ್ಟ್. ಈ ಪರೀಕ್ಷೆಯಲ್ಲಿ ಫೇಲಾದ ಡಬ್ಬಿ ಖಂಡಿತ ಕೆಟ್ಟಿದೆ. ಪಾಸಾದದ್ದು ಖಂಡಿತ ಒಳ್ಳೆಯದು ಎಂದೇನಿಲ್ಲ. ವೋಲ್ಟೇಜ್ ತಡೆಯುವ ಭಾಗವನ್ನು ಡಯೋಡ್ ಪರೀಕ್ಷೆ ಮುಟ್ಟುವುದೇ ಇಲ್ಲ.

ಐದನೆಯದು: ದಾರಿಯಲ್ಲಿ ಎಷ್ಟು ಸೋರುತ್ತಿದೆ

ಹೆಚ್ಚಿನವರು ಬಿಟ್ಟುಬಿಡುವ ಪರೀಕ್ಷೆ ಇದು. ನನ್ನ ಗಾಡಿಯನ್ನು ಉಳಿಸಿದ್ದೂ ಇದೇ.

ಒಂದು ಲೆಕ್ಕ ನೋಡಿ. ಒಂದು ಪಿನ್‌ನಲ್ಲಿ ಕಿಲುಬಿನಿಂದ 0.1 ಓಮ್ ತಡೆ ಇದೆ ಎಂದುಕೊಳ್ಳೋಣ. ಓಮ್ ಮೀಟರ್‌ಗೆ ಅದು ಕಾಣುವುದೇ ಇಲ್ಲ. ಆ ಪಿನ್ ಮೂಲಕ 20 ಆಂಪಿಯರ್ ಹರಿದರೆ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಶಾಖದ ಲೆಕ್ಕದಲ್ಲಿ 40 ವಾಟ್. ಒಂದು ಸೋಲ್ಡರಿಂಗ್ ಐರನ್ ಅಷ್ಟು ಶಾಖ, ಒಂದು ಪ್ಲಾಸ್ಟಿಕ್ ಕನೆಕ್ಟರ್ ಒಳಗೆ! ಬಿಸಿಯಿಂದ ಪಿನ್‌ನ ಸ್ಪ್ರಿಂಗ್ ಹಿಡಿತ ಸಡಿಲವಾಗುತ್ತದೆ. ಹಿಡಿತ ಸಡಿಲವಾದರೆ ತಡೆ ಜಾಸ್ತಿ. ತಡೆ ಜಾಸ್ತಿಯಾದರೆ ಮತ್ತೆ ಬಿಸಿ. ಓಡಿದಷ್ಟೂ ನನ್ನ ವೋಲ್ಟೇಜ್ ಇಳಿಯುತ್ತಿದ್ದದ್ದು ಇದಕ್ಕೇ.

ಅಳೆಯುವುದು ಹೀಗೆ. ಎಲ್ಲ ಕನೆಕ್ಟರ್ ಜೋಡಿಸಿ, ಎಂಜಿನ್ ಓಡಲಿ, ಹೈ ಬೀಮ್ ಹಾಕಿ, 3000ಕ್ಕಿಂತ ಮೇಲೆ ಇರಲಿ. ಮೀಟರ್ ಡಿಸಿ 2 ವೋಲ್ಟ್‌ಗೆ. ಒಂದು ಪ್ರೋಬ್ ಬ್ಯಾಟರಿ ಪಾಸಿಟಿವ್ ಮೇಲೆ, ಇನ್ನೊಂದನ್ನು ರೆಗ್ಯುಲೇಟರ್ ಕನೆಕ್ಟರ್‌ನ ಹಿಂಬದಿಯಿಂದ ಪಾಸಿಟಿವ್ ಔಟ್‌ಪುಟ್ ಪಿನ್‌ಗೆ ತಾಗಿಸಿ. ಬರುವ ಅಂಕಿ ಆ ದಾರಿಯಲ್ಲಿ ಸೋರಿದ ವೋಲ್ಟೇಜ್. 0.2ರ ಒಳಗಿದ್ದರೆ ಒಳ್ಳೆಯದು. 0.5 ದಾಟಿದರೆ ಹುಡುಕಲೇಬೇಕು. ಅದೇ ರೀತಿ ಬ್ಯಾಟರಿ ನೆಗೆಟಿವ್‌ನಿಂದ ರೆಗ್ಯುಲೇಟರ್ ಅರ್ತ್ ಪಿನ್‌ಗೆ. ಮೀಟರನ್ನು ಎಸಿಗೆ ಬದಲಿಸಿ, ಹಳದಿ ಕನೆಕ್ಟರ್‌ನ ಎರಡೂ ಬದಿಗೆ ಒಂದೇ ವೈರ್ ಮೇಲೆ ಹಿಡಿದರೆ ಅದರ ಸೋರಿಕೆಯೂ ಸಿಗುತ್ತದೆ.

ಚಹಾ ಬಣ್ಣದ ಪಿನ್ ಮೇಲೆ ನನಗೆ 1.3 ವೋಲ್ಟ್ ಸಿಕ್ಕಿತು. ಉಳಿದೆರಡರಲ್ಲಿ 0.1 ಕೂಡ ಇರಲಿಲ್ಲ. ಆ ಕನೆಕ್ಟರ್ ಸರಿ ಮಾಡಿದ ಮೇಲೆ ಬ್ಯಾಟರಿ ಮೇಲಿನ ಅಂಕಿ 13.3ಕ್ಕೆ ಏರಿತು. ಸಾಲದು. ರೆಗ್ಯುಲೇಟರ್ ಪಿನ್‌ನಲ್ಲೇ ಅಳೆದರೆ 14.2 ಇದೆ. ಮಧ್ಯೆ 0.9 ಎಲ್ಲಿ ಹೋಯಿತು? ಪಾಸಿಟಿವ್ ಕಡೆ 0.7, ಅರ್ತ್ ಕಡೆ 0.2. ಪಾಸಿಟಿವ್ ದಾರಿಯನ್ನು ತುಂಡು ತುಂಡಾಗಿ ಅಳೆದೆ. ರೆಗ್ಯುಲೇಟರ್‌ನಿಂದ, ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ಸ್ಟಾರ್ಟರ್ ರಿಲೇವರೆಗೆ ಏನೂ ಇಲ್ಲ. ರಿಲೇ ಮೇಲೆ ಕೂರುವ, ಮೇನ್ ಫ್ಯೂಸ್‌ನ ಕನೆಕ್ಟರ್ ದಾಟಿದರೆ 0.6. ಬಿಚ್ಚಿ ನೋಡಿದೆ. ಕೆಂಪು ವೈರ್‌ನ ಪಿನ್ ಸುತ್ತ ಪ್ಲಾಸ್ಟಿಕ್ ಕರಗಿತ್ತು. ಫ್ಯೂಸ್ ಮಾತ್ರ ಗಟ್ಟಿಮುಟ್ಟಾಗಿತ್ತು. ಫ್ಯೂಸ್ ಹಾರುವುದು ಕರೆಂಟ್ ಜಾಸ್ತಿಯಾದಾಗ, ಪಕ್ಕದ ಪಿನ್ ಬಿಸಿಯಾದದ್ದು ಅದಕ್ಕೆ ಗೊತ್ತಾಗುವುದಿಲ್ಲ.

ಸರಿ ಮಾಡಿದ್ದು

ಸುಟ್ಟ ಕನೆಕ್ಟರನ್ನು ಉಜ್ಜಿ ಮತ್ತೆ ಹಾಕುವುದು ವ್ಯರ್ಥ. ಒಮ್ಮೆ ಬಿಸಿಗೆ ಬಣ್ಣ ತಿರುಗಿದ ಪಿನ್‌ಗೆ ಹಿಡಿತ ವಾಪಸ್ ಬರುವುದಿಲ್ಲ. ಹಳದಿ ವೈರ್‌ಗಳನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿದೆ. ಕೆಲವರು ಕನೆಕ್ಟರನ್ನೇ ತೆಗೆದು ನೇರ ಸೋಲ್ಡರ್ ಮಾಡಿ ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕುತ್ತಾರೆ. ಕೆಲಸ ನಡೆಯುತ್ತದೆ. ಆದರೆ ಸೋಲ್ಡರ್ ಮುಗಿಯುವ ಜಾಗದಲ್ಲಿ ವೈರ್ ಬಿರುಸಾಗಿ, ಅದುರಾಟಕ್ಕೆ ಅಲ್ಲೇ ತುಂಡಾಗಬಹುದು. ಮುಂದೆ ಸ್ಟೇಟರ್ ಪರೀಕ್ಷಿಸಬೇಕೆಂದರೆ ಮತ್ತೆ ಕತ್ತರಿಸಬೇಕು. ನಾನು ದಪ್ಪ ಪಿನ್‌ನ, ನೀರು ಹೋಗದ ಹೊಸ ಕನೆಕ್ಟರನ್ನು ಸರಿಯಾದ ಕ್ರಿಂಪಿಂಗ್ ಪ್ಲೈಯರ್‌ನಲ್ಲಿ ಒತ್ತಿ ಹಾಕಿದೆ. ಮಾಮೂಲಿ ಇಕ್ಕಳದಲ್ಲಿ ಚಪ್ಪಟೆ ಮಾಡಿದರೆ ಆರು ತಿಂಗಳಿಗೆ ಮತ್ತೆ ಇದೇ ಬರಹ ಓದಬೇಕಾಗುತ್ತದೆ. ಮೂರು ಹಳದಿಗಳಲ್ಲಿ ಯಾವುದು ಯಾವುದಕ್ಕೆ ಸೇರಿದರೂ ನಡೆಯುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮೇನ್ ಫ್ಯೂಸ್ ಕನೆಕ್ಟರ್ ಬದಲಿಸಿದೆ. ಅದರ ಜೊತೆಗೆ ರೆಗ್ಯುಲೇಟರ್‌ನ ಅರ್ತ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ನೇರವಾಗಿ 4 ಚದರ ಮಿಲಿಮೀಟರ್ ವೈರ್ ಎಳೆದೆ. ಪಾಸಿಟಿವ್ ಕಡೆಯೂ ಹೀಗೆ ಎಳೆಯಬಹುದು, ಆದರೆ ಬ್ಯಾಟರಿ ಹತ್ತಿರ 30 ಆಂಪಿಯರ್ ಫ್ಯೂಸ್ ಇಲ್ಲದೆ ಎಂದೂ ಎಳೆಯಬೇಡಿ. ಫ್ರೇಮ್‌ಗೆ ರೆಗ್ಯುಲೇಟರ್ ಕೂರುವ ಜಾಗದ ಪೇಂಟ್, ಮಣ್ಣು ಕೆರೆದು ತೆಳುವಾಗಿ ಹೀಟ್ ಸಿಂಕ್ ಪೇಸ್ಟ್ ಹಚ್ಚಿದೆ. ಫ್ರೇಮ್ ಕೂಡ ಶಾಖ ಎಳೆದುಕೊಳ್ಳಲಿ ಎಂದು.

ಡಬ್ಬಿಯೇ ಕೆಟ್ಟಿದ್ದರೆ ಹಳೇ ಮಾದರಿಯನ್ನೇ ಮತ್ತೆ ಹುಡುಕಬೇಡಿ. ಮಾಸ್‌ಫೆಟ್ ಎನ್ನುವ ಟ್ರಾನ್ಸಿಸ್ಟರ್ ಇರುವ ಷಂಟ್ ರೆಗ್ಯುಲೇಟರ್ ಅದೇ ಕೆಲಸವನ್ನು ಕಡಿಮೆ ಬಿಸಿಯಲ್ಲಿ ಮಾಡುತ್ತದೆ. ಸೀರೀಸ್ ಬಗೆ ಇನ್ನೂ ಒಳ್ಳೆಯದು. ಬೇಡದ ಕರೆಂಟನ್ನು ಅದು ಸ್ಟೇಟರ್‌ಗೆ ಶಾರ್ಟ್ ಮಾಡುವುದಿಲ್ಲ, ದಾರಿಯನ್ನೇ ಕಡಿಯುತ್ತದೆ. ಸ್ಟೇಟರ್ ಕೂಡ ತಣ್ಣಗಿರುತ್ತದೆ. ಅಳತೆ ದೊಡ್ಡದಿರುತ್ತದೆ, ಸೀಟಿನ ಕೆಳಗೆ ಹಿಡಿಸುತ್ತದೋ ನೋಡಿ ತನ್ನಿ.

ಫೇರಿಂಗ್ ಹಾಕುವ ಮುಂಚೆ ಮತ್ತೊಮ್ಮೆ ಅಳೆದೆ. 5000ದಲ್ಲಿ ಬ್ಯಾಟರಿ ಮೇಲೆ 14.2. ಅರ್ಧ ಗಂಟೆ ಓಡಿಸಿ ಬಂದು ಅಳೆದರೂ 14.1. ಪಾಸಿಟಿವ್ ದಾರಿಯಲ್ಲಿ ಸೋರಿಕೆ 0.1. ಹ್ಯಾಂಡಲ್ ಪಕ್ಕದಲ್ಲಿ ಒಂದು ಸಣ್ಣ ವೋಲ್ಟ್‌ಮೀಟರ್ ಕೂರಿಸಿದೆ. ಅದರ ವೈರ್ ಕೀ ಆನ್ ಆದಾಗ ಮಾತ್ರ ಬರುವ ಕಡೆಯಿಂದ ತಗೊಳ್ಳಿ, ಇಲ್ಲದಿದ್ದರೆ ಅದೇ ರಾತ್ರಿಯಿಡೀ ಕುಡಿಯುತ್ತಾ ಕೂರುತ್ತದೆ. ಮೊದಲ 1000 ಕಿಲೋಮೀಟರ್ ಆದ ಮೇಲೆ ಸೀಟ್ ಎತ್ತಿ ಎರಡೂ ಹೊಸ ಕನೆಕ್ಟರ್‌ಗಳನ್ನು, ಎಂಜಿನ್ ಆಗಷ್ಟೇ ಆಫ್ ಮಾಡಿ, ಕೈಯಲ್ಲಿ ಮುಟ್ಟಿ ನೋಡಿದೆ. ಬೆಚ್ಚಗಿದ್ದವು, ಅಷ್ಟೇ. ಬೆರಳು ಇಡಲಾಗದಷ್ಟು ಸುಟ್ಟರೆ ಕ್ರಿಂಪ್ ಸರಿಯಾಗಿ ಕೂತಿಲ್ಲ, ಮತ್ತೆ ಬಿಚ್ಚಿ.